ಪಣಂಬೂರಿಗೆ ಮುಂದಿನ ಸರಕು ಯಾವುದು?



ಉಜಿರೆಯಲ್ಲಿ ಕೂತು ಹಡಗಿನ ಮಾತು ಆಡುವುದೆಂದರೆ ಕೆಲವರಿಗೆ ನಗು ಬಂದೀತು. ನವಮಂಗಳೂರು ಬಂದರಿರುವ ಪಣಂಬೂರು ಇಲ್ಲಿಂದ ಸುಮಾರು 70 ಕಿಲೋಮೀಟರ್. ಚಾರ್ಮಾಡಿ ಘಾಟಿಯ ಬುಡ ಅದಕ್ಕಿಂತ ಎಷ್ಟೋ ಹತ್ತಿರ. ಕಡಲು ನೋಡಬೇಕಾದರೆ ನಾವು ಬಸ್ಸು ಹತ್ತಬೇಕು. ಆದರೆ ಕಡಲು ನಮ್ಮನ್ನು ಹುಡುಕಿಕೊಂಡು ದಿನಾ ಬರುತ್ತದೆ. ಅಡಿಕೆ ಮರದ ಬುಡಕ್ಕೆ ಹಾಕುವ ಪೊಟ್ಯಾಷ್ ನಮ್ಮ ದೇಶದ ಗಣಿಯಿಂದ ಬರುವುದಲ್ಲ. ಕೆನಡ, ರಷ್ಯ, ಜೋರ್ಡಾನಿನ ಕಡೆಯಿಂದ ಹಡಗಿನ ಹೊಟ್ಟೆಯಲ್ಲಿ ಬಂದದ್ದು. ಅಡುಗೆ ಮನೆಯ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ವಿದೇಶದ್ದು. ಗೇರುಬೀಜದ ಕಾರ್ಖಾನೆ ನಮ್ಮ ಊರಿನದು, ಅಲ್ಲಿ ಸುಲಿಯುವ ಬೀಜದಲ್ಲಿ ಬಹುಪಾಲು ಆಫ್ರಿಕದ್ದು. ಹೋಟೆಲಿನಲ್ಲಿ ಗೋಳಿಬಜೆ ಕರಿಯುವ ಪಾಮ್ ಎಣ್ಣೆ ಇಂಡೋನೇಷ್ಯ, ಮಲೇಷ್ಯದ್ದು. ನಮ್ಮದೇ ತಾಲೂಕಿನ ನೇರಿಯದ ಮೇಲಾಗಿ ಮಂಗಳೂರಿನಿಂದ ಬೆಂಗಳೂರಿಗೆ ಪೆಟ್ರೋಲು, ಡೀಸೆಲಿನ ಕೊಳವೆ ಹೋಗುತ್ತದೆ. ಅದರೊಳಗೆ ಹರಿಯುವುದೂ ಹಡಗಿನಲ್ಲಿ ಬಂದ ಕಚ್ಚಾತೈಲದ ಸಂತಾನವೇ.

ಇದು ಇವತ್ತಿನ ಸಂಬಂಧವೂ ಅಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದವರು ಭೈರಾದೇವಿ ಮಂಟಪದ ಅಡಿಪಾಯದ ಸುತ್ತ ಒಮ್ಮೆ ಕಣ್ಣಾಡಿಸಿ. ಅಲ್ಲಿ ಆಫ್ರಿಕದ ಜಿರಾಫೆ ಇದೆ, ಚೀನದ ಡ್ರ್ಯಾಗನ್ ಇದೆ. 15ನೇ ಶತಮಾನದ ಶಿಲ್ಪಿ ಜಿರಾಫೆಯನ್ನು ಕಣ್ಣಾರೆ ಕಂಡಿದ್ದನೋ ಇಲ್ಲವೋ, ಅದರ ಸುದ್ದಿ ಅಥವಾ ಚಿತ್ರ ಅವನವರೆಗೆ ಬಂದಿತ್ತು. ಬಂದ ದಾರಿ ಸಮುದ್ರದ್ದು. ಅದಕ್ಕೂ 300 ವರ್ಷ ಹಿಂದೆ ಟುನೀಷ್ಯ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಸಂಸಾರ ಹೂಡಿ 17 ವರ್ಷದಷ್ಟು ಇದ್ದ. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗಿನ ಕೋಣೆಯಲ್ಲಿ ಉಳಿದುಕೊಂಡವು. ಇಲ್ಲಿಂದ ಏಡನ್ನಿಗೆ ಅವನು ಕಳಿಸಿದ ಸರಕಿನಲ್ಲಿ ಕಾಳುಮೆಣಸು, ಕಬ್ಬಿಣದ ಜೊತೆ ಅಡಿಕೆಯೂ ಇತ್ತು. ಅಲ್ಲಿಂದ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಅವನ ಪರವಾಗಿ ಏಡನ್ನಿಗೆ ಹೋಗಿ ಬರುತ್ತಿದ್ದ ಆಳು ನಮ್ಮ ಕಡೆಯ ಬೊಮ್ಮ. ಅದಕ್ಕೆ ಎಷ್ಟೋ ಕಾಲದ ಬಳಿಕವೂ ಘಟ್ಟದ ಮೇಲಿನ ಕಾಫಿ ಎತ್ತಿನ ಗಾಡಿಯಲ್ಲಿ ಬಂಟ್ವಾಳಕ್ಕೆ ಇಳಿದು, ಅಲ್ಲಿಂದ ದೋಣಿಯಲ್ಲಿ ನೇತ್ರಾವತಿಯ ಮೇಲೆ ಮಂಗಳೂರು ಬಂದರಿಗೆ ಹೋಗುತ್ತಿತ್ತು. ಬಂಟ್ವಾಳದ ಪೇಟೆ ಬೆಳೆದದ್ದೇ ಹಾಗೆ.

ಹಿಂದಿನದು ಇಷ್ಟು ಸಾಕು. ಇವತ್ತು ನಾನು ಹೇಳಬೇಕಾದ್ದು ಹಡಗು ಸಾಗಣೆಯ ಮುಂದಿನ ದಿನಗಳ ಬಗ್ಗೆ. ಲೋಕದ ವ್ಯಾಪಾರದಲ್ಲಿ, ತೂಕದ ಲೆಕ್ಕ ಹಿಡಿದರೆ, ನೂರರಲ್ಲಿ 80ಕ್ಕಿಂತ ಹೆಚ್ಚು ಪಾಲು ಹಡಗಿನಲ್ಲೇ ಸಾಗುತ್ತದೆ. ಹಾಗಾಗಿ ಹಡಗು ನಿಂತುಹೋಗುವ ಮಾತಿಲ್ಲ. ಪ್ರಶ್ನೆ ಬೇರೆ: ಹಡಗು ಯಾವ ಎಣ್ಣೆ ಕುಡಿದು ಓಡುತ್ತದೆ, ಏನನ್ನು ಹೊರುತ್ತದೆ, ಯಾವ ಬಂದರಿಗೆ ಬರುತ್ತದೆ? ಈ ಮೂರೂ ಒಟ್ಟಿಗೆ ಬದಲಾಗುವ ಕಾಲ ಇದು. ಬದಲಾವಣೆ ಬಂದರೆ ಏನಾಗುತ್ತದೆ ಎಂದು ತಿಳಿಯಲು ನಾವು ಸಿಂಗಾಪುರಕ್ಕೆ ಹೋಗಬೇಕಿಲ್ಲ. ಪಣಂಬೂರು ಒಮ್ಮೆ ಅದನ್ನು ಅನುಭವಿಸಿದೆ.

ನವಮಂಗಳೂರು ಬಂದರು ದೊಡ್ಡ ಬಂದರುಗಳ ಸಾಲಿಗೆ ಸೇರಿದ್ದು 1974ರಲ್ಲಿ. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಅದಕ್ಕಾಗಿ ದೆಹಲಿಯ ಬಾಗಿಲುಗಳನ್ನು ತಟ್ಟಿ ತಟ್ಟಿ ಸವೆಸಿದ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು ಅದನ್ನು ಕಾಣದೆ 1965ರಲ್ಲೇ ತೀರಿಹೋಗಿದ್ದರು. ನೈಸರ್ಗಿಕ ಬಂದರಲ್ಲ ಅದು. ಮರಳಿನ ದಂಡೆಯನ್ನು ಒಳಕ್ಕೆ ಕೊರೆದು, ಹೂಳೆತ್ತಿ ಮಾಡಿದ ಕೊಳ. ಅಷ್ಟು ಆಳಕ್ಕೆ ಕೊರೆಯುವ ಧೈರ್ಯ ಬಂದದ್ದು ಮುಖ್ಯವಾಗಿ ಒಂದೇ ಸರಕಿನ ಭರವಸೆಯಿಂದ. ಅದು ಕುದುರೆಮುಖದ ಕಬ್ಬಿಣದ ಅದಿರು.

ನಮ್ಮ ತಾಲೂಕಿನ ಬಾನಂಚಿನಲ್ಲೇ ನಿಂತಿರುವ ಆ ಬೆಟ್ಟದ ಅದಿರನ್ನು ಇರಾನ್ ಕೊಳ್ಳುತ್ತದೆ ಎಂದು ಒಪ್ಪಂದವಾಗಿತ್ತು. ಹಣವನ್ನೂ ಇರಾನೇ ಸಾಲವಾಗಿ ಕೊಡುವುದೆಂದಾಯಿತು. 1976ರಲ್ಲಿ ಕಂಪನಿ ಹುಟ್ಟಿತು. ಅದಿರನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟದಿಂದ ಪಣಂಬೂರಿಗೆ ಹರಿಸುವ ವ್ಯವಸ್ಥೆ ಎದ್ದಿತು. ಅಷ್ಟರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೊರೆ ಓಡಿಹೋದ. ಗಣಿ, ಕೊಳವೆ, ಬಂದರು ಮೂರೂ ತಯಾರು, ಕೊಳ್ಳುವವನೇ ಇಲ್ಲ! ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿ, 1987ರಲ್ಲಿ ಅದಿರಿನ ಉಂಡೆ ಕಟ್ಟುವ ಕಾರ್ಖಾನೆಯನ್ನು ಪಣಂಬೂರಿನಲ್ಲಿ ಶುರುಮಾಡಿ, ಹೇಗೋ ಸುಧಾರಿಸಿಕೊಂಡರು. ಆಮೇಲೆ ಕಾಡು, ಭದ್ರಾ ನದಿ, ರಾಷ್ಟ್ರೀಯ ಉದ್ಯಾನದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಗಣಿ ನಿಂತದ್ದು ಸರಿಯೇ ಆಯಿತೆಂಬುದು ನನ್ನ ಅಭಿಪ್ರಾಯ. ಆದರೆ ಯಾವ ಸರಕಿಗಾಗಿ ಬಂದರು ಹುಟ್ಟಿತೋ ಅದೇ ಸರಕು ಸುಮಾರು 30 ವರ್ಷದಲ್ಲಿ ಹೋಯಿತು ಎಂಬುದನ್ನು ಮರೆಯಬಾರದು.

ಬಂದರು ಬದುಕಿದ್ದು ಎಣ್ಣೆಯಿಂದ. 1996ರಲ್ಲಿ ಕೆಲಸ ಶುರುಮಾಡಿದ ಎಂಆರ್‌ಪಿಎಲ್ ತೈಲಾಗಾರಕ್ಕೆ ಇವತ್ತು ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಶುದ್ಧೀಕರಿಸುವ ಶಕ್ತಿಯಿದೆ. ಬಂದರಿನ ಒಳಗೆ ಬರಲಾಗದಷ್ಟು ದೊಡ್ಡ ಟ್ಯಾಂಕರುಗಳು ಹೊರಗಡಲಲ್ಲೇ ನಿಂತು, ತೇಲುವ ಲಂಗರಿಗೆ ಕಟ್ಟಿಕೊಂಡು, ಕಡಲಡಿಯ ಕೊಳವೆಗೆ ಎಣ್ಣೆ ಸುರಿಯುತ್ತವೆ. ಆಪತ್ಕಾಲಕ್ಕೆಂದು ದೇಶ ಕೂಡಿಟ್ಟ ಎಣ್ಣೆಗೆ ಮಂಗಳೂರಿನ ಬಂಡೆಯೊಳಗೆ 15 ಲಕ್ಷ ಟನ್ನಿನ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ನಿನ ಗುಹೆಗಳಿವೆ. ಅಡುಗೆ ಅನಿಲಕ್ಕೂ 80,000 ಟನ್ನಿನ ಗುಹೆ ಈಚೆಗೆ ಸಿದ್ಧವಾಯಿತು. 2024-25ರಲ್ಲಿ ಬಂದರು ನಿಭಾಯಿಸಿದ್ದು ಸುಮಾರು 4.6 ಕೋಟಿ ಟನ್ ಸರಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ ಮತ್ತು ಅನಿಲ. ಅದಕ್ಕೆ ಕಲ್ಲಿದ್ದಲನ್ನು ಸೇರಿಸಿ ನೋಡಿ. ಉಳಿದದ್ದು ಗೊಬ್ಬರ, ಖಾದ್ಯತೈಲ, ಮರದ ದಿಮ್ಮಿ, ಕಂಟೇನರು ಮೊದಲಾದವು.

ಈಗ ಪ್ರಶ್ನೆ ನೆಟ್ಟಗೆ ನಿಲ್ಲುತ್ತದೆ. ಲೋಕ ಎಣ್ಣೆ, ಕಲ್ಲಿದ್ದಲು ಬಿಡುತ್ತೇನೆಂದು ಹೊರಟಿದೆ. ಇವತ್ತೇ ಬಿಡುವುದಿಲ್ಲ, ಹೇಳಿದಷ್ಟು ಬೇಗ ಬಿಡುವುದೂ ಇಲ್ಲ. ಆದರೆ ಬಂದರಿನ ಆಯುಷ್ಯವನ್ನು 5 ವರ್ಷದಲ್ಲಿ ಅಳೆಯುವುದಿಲ್ಲ, 50 ವರ್ಷದಲ್ಲಿ ಅಳೆಯುತ್ತಾರೆ. ಅಷ್ಟರೊಳಗೆ ಎಣ್ಣೆಯ ಸರಕು ಇಳಿದರೆ ಪಣಂಬೂರಿಗೆ ಬರುವುದು ಏನು?

ಹಡಗಿನ ಸ್ವಂತ ಇಂಧನದ ಕತೆಯೂ ಇದಕ್ಕೇ ಅಂಟಿಕೊಂಡಿದೆ. ಹೆಚ್ಚಿನ ಹಡಗುಗಳು ಉರಿಸುವುದು ತೈಲಾಗಾರದ ತಳದಲ್ಲಿ ಉಳಿದ ಗಟ್ಟಿ ಎಣ್ಣೆಯನ್ನು. ಲೋಕದ ಹಸಿರುಮನೆ ಅನಿಲದಲ್ಲಿ ನೂರಕ್ಕೆ 3ರಷ್ಟು ಪಾಲು ಅವುಗಳದ್ದು. ಲಂಡನ್ನಿನಲ್ಲಿ ಕಚೇರಿಯಿರುವ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2023ರ ಜುಲೈಯಲ್ಲಿ, 2050ರ ಆಸುಪಾಸಿಗೆ ಇದನ್ನು ನಿವ್ವಳ ಸೊನ್ನೆಗೆ ಇಳಿಸಬೇಕೆಂದು ಒಪ್ಪಿಕೊಂಡಿತು. ಹೆಚ್ಚು ಹೊಗೆ ಬಿಡುವ ಹಡಗಿಗೆ ದಂಡ, ಶುದ್ಧ ಇಂಧನಕ್ಕೆ ಪ್ರೋತ್ಸಾಹ ಎಂಬ ಚೌಕಟ್ಟಿಗೆ 2025ರ ಏಪ್ರಿಲಿನಲ್ಲಿ ಬಹುಮತ ಸಿಕ್ಕಿತು. ಅದೇ ಅಕ್ಟೋಬರಿನಲ್ಲಿ ಅಮೆರಿಕ ಗಟ್ಟಿಯಾಗಿ ಅಡ್ಡ ನಿಂತ ಮೇಲೆ, ಅಂತಿಮ ತೀರ್ಮಾನವನ್ನು ಒಂದು ವರ್ಷ ಮುಂದಕ್ಕೆ ಹಾಕಿದರು. ನಮ್ಮ ಪಂಚಾಯತಿಗಳಲ್ಲೇ ಮೀಟಿಂಗು ಮುಂದೆ ಹೋಗುವುದೆಂದು ತಿಳಿದವರಿಗೆ ಇದರಿಂದ ಸ್ವಲ್ಪ ಸಮಾಧಾನ ಆಗಬಹುದು. ಯುರೋಪು ಮಾತ್ರ ಕಾದು ಕೂತಿಲ್ಲ. 2024ರಿಂದ ತನ್ನ ಬಂದರಿಗೆ ಬರುವ ಹಡಗುಗಳ ಇಂಗಾಲಕ್ಕೆ ಲೆಕ್ಕ ಕೇಳುತ್ತಿದೆ. ಆ ಖರ್ಚನ್ನು ಹಡಗಿನವರು ತಮ್ಮ ಕಿಸೆಯಿಂದ ಕೊಡುವುದಿಲ್ಲ, ಬಾಡಿಗೆಗೆ ಸೇರಿಸುತ್ತಾರೆ. ನಮ್ಮ ಕಾಫಿಯ ದೊಡ್ಡ ಗಿರಾಕಿಗಳು ಇಟಲಿ, ಜರ್ಮನಿ, ಬೆಲ್ಜಿಯಂ. ಹಾಗಾಗಿ ಬಾಳೂರು, ಕೊಟ್ಟಿಗೆಹಾರದ ಬೆಳೆಗಾರನಿಗೂ ಆ ಲೆಕ್ಕದಲ್ಲಿ ಒಂದು ಪಾಲು ಬರುತ್ತದೆ.

ಬದಲಿ ಇಂಧನ ಯಾವುದು? 2023ರಲ್ಲಿ ಮಾಯರ್ಸ್ಕ್ ಕಂಪನಿ ಮೆಥನಾಲಿನಲ್ಲಿ ಓಡುವ ಕಂಟೇನರ್ ಹಡಗನ್ನು ನೀರಿಗಿಳಿಸಿತು. ಅದೇ ವರ್ಷ ಪಿಕ್ಸಿಸ್ ಓಶನ್ ಎಂಬ ಸರಕು ಹಡಗು 37 ಮೀಟರಿಗಿಂತ ಎತ್ತರದ ಗಟ್ಟಿ ರೆಕ್ಕೆಗಳನ್ನು ನಿಲ್ಲಿಸಿಕೊಂಡು ಗಾಳಿಯ ಸಹಾಯದಿಂದ ಎಣ್ಣೆ ಉಳಿಸುತ್ತ ಹೋಯಿತು. ಇನ್ನೂ ಮಂಜಿ ದೋಣಿಗಳು ಲಕ್ಷದ್ವೀಪಕ್ಕೆ ಹೋಗಿ ಬರುವ ಮಂಗಳೂರು ಹಳೆಬಂದರಿನ ಮುದುಕರಿಗೆ ಹಾಯಿಯ ಈ ಮರುಪ್ರವೇಶ ಅಂಥ ಆಶ್ಚರ್ಯ ತರಲಾರದು. ಇನ್ನೊಂದು ಇಂಧನ ಅಮೋನಿಯ. ಇಲ್ಲಿ ನಮಗೆ ಸಣ್ಣದೊಂದು ಅನುಕೂಲವಿದೆ. ಪಣಂಬೂರಿನ ಗೊಬ್ಬರದ ಕಾರ್ಖಾನೆಗಾಗಿ ಹಡಗಿನಲ್ಲಿ ಬಂದ ಅಮೋನಿಯವನ್ನು ಇಳಿಸಿ, ತಣ್ಣಗೆ ಕೂಡಿಡುವ ಕೆಲಸ ಅಲ್ಲಿ ಹೊಸತಲ್ಲ. ಬಿಸಿಲು, ಗಾಳಿಯ ವಿದ್ಯುತ್ತಿನಿಂದ ಅಮೋನಿಯ ಮಾಡಿ ಹಡಗಿಗೆ ತುಂಬುವ ಕಾಲ ಬಂದರೆ, ಅದನ್ನು ಹಿಡಿದು ಪಳಗಿದ ಕೈಗಳು ಇಲ್ಲಿವೆ. ಅದು ವಿಷಾನಿಲ ಎಂಬುದೂ ಅಷ್ಟೇ ನಿಜ. ಬೈಕಂಪಾಡಿಯ ಮನೆಗಳ ಪಕ್ಕದಲ್ಲಿ ಅದರ ರಾಶಿ ಬೆಳೆಸುವ ಮೊದಲು ಆ ಮನೆಯವರನ್ನು ಕೇಳಬೇಕು.

ಎಣ್ಣೆಯ ಜಾಗಕ್ಕೆ ಬರಬಹುದಾದ ದೊಡ್ಡ ಸರಕೆಂದರೆ ಕಂಟೇನರು. ಅದರಲ್ಲಿ ನಾವು ಬಹಳ ಸಣ್ಣವರು. ವರ್ಷಕ್ಕೆ 2 ಲಕ್ಷ ಪೆಟ್ಟಿಗೆಯ ಆಸುಪಾಸು. 2025ರ ಜೂನಿನಲ್ಲಿ ಕೇರಳದ ವಿಳಿಂಜಂಗೆ ಬಂದ ಎಂಎಸ್‌ಸಿ ಐರಿನಾ ಎಂಬ ಒಂದೇ ಹಡಗು 24,000ಕ್ಕಿಂತ ಹೆಚ್ಚು ಪೆಟ್ಟಿಗೆ ಹೊರುತ್ತದೆ. ಉದ್ದ 400 ಮೀಟರ್. ಅಂಥದ್ದು ಪಣಂಬೂರಿನ ಕೊಳದೊಳಗೆ ತಿರುಗಲಾರದು, ತಿರುಗಬೇಕಾಗಿಯೂ ಇಲ್ಲ. ದೊಡ್ಡ ಹಡಗು ವಿಳಿಂಜಂಗೋ ಕೊಲಂಬೊಗೋ ಬರುತ್ತದೆ, ಅಲ್ಲಿಂದ ಸಣ್ಣ ಹಡಗು ಮಂಗಳೂರಿಗೆ ಬಂದು ಹೋಗುತ್ತದೆ. ಇದರಲ್ಲಿ ಅವಮಾನ ಏನಿಲ್ಲ. ಸಣ್ಣ ಹಡಗು ವಾರಕ್ಕೆ ಎಷ್ಟು ಸಲ ಬರುತ್ತದೆ ಎಂಬುದೇ ಮುಖ್ಯ; ಅದು ನಿಂತಿರುವುದು ಹಿಂದಿನ ನಾಡಿನಿಂದ ಎಷ್ಟು ಪೆಟ್ಟಿಗೆ ಬರುತ್ತದೆ ಎಂಬುದರ ಮೇಲೆ.

ಇಲ್ಲಿಗೆ ಮಾತು ಕಡಲು ಬಿಟ್ಟು ಘಟ್ಟಕ್ಕೆ ಬಂತು. ನನ್ನ ಮಟ್ಟಿಗೆ ಮಂಗಳೂರು ಬಂದರಿನ ಭವಿಷ್ಯ ಇರುವುದು ಇಲ್ಲೇ.

ಬೆಂಗಳೂರಿನಿಂದ ಮಂಗಳೂರಿಗೂ ಚೆನ್ನೈಗೂ ರಸ್ತೆಯಲ್ಲಿ ಹೆಚ್ಚುಕಡಿಮೆ ಒಂದೇ ದೂರ, 350 ಕಿಲೋಮೀಟರ್ ಸುಮಾರು. ಆದರೂ ವೈಟ್‌ಫೀಲ್ಡಿನ ಕಂಟೇನರ್ ಡಿಪೋದ ರೈಲುಗಳು ಚೆನ್ನೈ ಕಡೆಗೇ ಓಡುತ್ತವೆ. ಆ ಕಡೆ ಬಯಲು, ಈ ಕಡೆ ಪಶ್ಚಿಮ ಘಟ್ಟ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ. 50 ಮೀಟರ್ ಹೋದರೆ 1 ಮೀಟರ್ ಏರು. ಹತ್ತುವ ಗೂಡ್ಸಿಗೆ ಹಿಂದಿನಿಂದ ತಳ್ಳಲು ಇನ್ನಷ್ಟು ಎಂಜಿನ್ ಬೇಕು. ಹಳಿ ಒಂದೇ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿಯ ಹತ್ತಿರ ಹಳಿಯ ಅಡಿಯ ಮಣ್ಣೇ ಜಾರಿ, ಎರಡು ವಾರದಷ್ಟು ಕಾಲ ರೈಲು ನಿಂತಿತು. ಅದೇ ಮಳೆಗೆ ಶಿರಾಡಿಯ ರಸ್ತೆಯೂ ಕುಸಿದಿತ್ತು. ನಮ್ಮ ಚಾರ್ಮಾಡಿಯ ಸುದ್ದಿ ನಿಮಗೆ ಹೇಳಬೇಕಾಗಿಲ್ಲ. 2019ರ ಆಗಸ್ಟಿನ ಕುಸಿತದ ಬಳಿಕ ಭಾರೀ ಲಾರಿಗಳಿಗೆ ತಿಂಗಳುಗಟ್ಟಲೆ ಆ ದಾರಿ ಮುಚ್ಚಿತು. ತಿರುವುಗಳಲ್ಲಿ 40 ಅಡಿಯ ಕಂಟೇನರ್ ಹೊತ್ತ ಟ್ರೈಲರನ್ನು ತಿರುಗಿಸುವುದು ಹೇಗೆಂದು ಉಜಿರೆಯ ಪೆಟ್ರೋಲ್ ಬಂಕಿನ ಬಳಿ ನಿಂತ ಯಾವ ಡ್ರೈವರನ್ನಾದರೂ ಕೇಳಿ, ‘ಎಂತ ಮಾರಾಯ್ರೆ, ಆಗುವ ಮಾತಾ ಅದು’ ಎಂದಾನು. ಬಿ.ಸಿ. ರೋಡಿನಿಂದ ಅಡ್ಡಹೊಳೆಯವರೆಗಿನ ಚತುಷ್ಪಥವಂತೂ ವರ್ಷಗಳ ಕಾಲ ಅರ್ಧ ಅಗೆದ ಗುಡ್ಡವಾಗಿಯೇ ಕಂಡಿತು.

ಅಂಕೋಲೆಯ ಕೇಣಿಯಲ್ಲಿ ಹೊಸ ಬಂದರು ಕಟ್ಟುವ ಯೋಜನೆಗೂ ಇದೇ ತೊಡಕು. ಮೀನುಗಾರರು ದಡದಲ್ಲಿ ನಿಂತು ಬೇಡ ಎನ್ನುತ್ತಿದ್ದಾರೆ. ಹಿಂದಿನ ನಾಡಿಗೆ ಕೂಡಿಸಬೇಕಾದ ಹುಬ್ಬಳ್ಳಿ–ಅಂಕೋಲ ರೈಲು ದಶಕಗಳಿಂದ ಕಾಡು, ಕಡತ, ಕೋರ್ಟುಗಳ ನಡುವೆ ಸಿಕ್ಕಿಕೊಂಡಿದೆ. ಘಟ್ಟ ಇಳಿಯಲು ದಾರಿಯಿಲ್ಲದೆ ಕಡಲಿಗೆ ಇನ್ನೊಂದು ಬಾಗಿಲು ಕೂಡಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಹಾಗೆಂದು ಘಟ್ಟವನ್ನು ಬೇಕಾದ ಹಾಗೆ ಅಗೆಯಿರಿ ಎಂದು ನಾನು ಹೇಳುತ್ತಿಲ್ಲ. ಅಗೆದದ್ದರ ಫಲವನ್ನು ನಾವು ಮಳೆಗಾಲದಲ್ಲಿ ನೋಡುತ್ತಲೇ ಇದ್ದೇವೆ. ನೇತ್ರಾವತಿಗೆ ನೀರು ಕೊಡುವ ಕಾಡೂ ಅದೇ. ಒಂದು ಟನ್ ಸರಕಿಗೆ ಎಷ್ಟು ಕಾಡು ಹೋಗುತ್ತದೆ, ಎಷ್ಟು ಡೀಸೆಲ್ ಸುಡುತ್ತದೆ ಎಂದು ಲೆಕ್ಕ ಹಾಕಿದರೆ ರಸ್ತೆಗಿಂತ ರೈಲು ಎಷ್ಟೋ ಮೇಲು. ಇರುವ ಒಂದೇ ಹಳಿಯ ಇಳಿಜಾರುಗಳನ್ನು ಕಾಯುವುದಕ್ಕೆ, ಹೆಚ್ಚು ಗೂಡ್ಸು ಹಾಯಿಸುವುದಕ್ಕೆ ಹಣ ಹಾಕಲಿ. ಕಾಫಿ ಹಾಸನದಲ್ಲೇ ರೈಲಿನ ಪೆಟ್ಟಿಗೆಗೆ ಏರಲಿ. ಆಗ ಚಾರ್ಮಾಡಿ, ಶಿರಾಡಿಗಳನ್ನು ಬಸ್ಸು, ಕಾರು, ತರಕಾರಿ ಲಾರಿಗಳಿಗೆ ಬಿಟ್ಟುಕೊಡಬಹುದು.

ಕಡಲಲ್ಲಿ ಅಪಾಯ ಕಡಿಮೆಯಾಗುತ್ತಿದೆಯೇ ಎಂದರೆ, ಇಲ್ಲ. 2023ರ ನವೆಂಬರಿನಲ್ಲಿ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗು ಹಿಡಿಯಲು ಶುರುಮಾಡಿದ ಮೇಲೆ ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕವನ್ನೇ ಸುತ್ತಿದವು. ಹತ್ತು-ಹದಿನಾಲ್ಕು ದಿನ ಹೆಚ್ಚು, ಬಾಡಿಗೆ ದುಪ್ಪಟ್ಟಿಗಿಂತ ಮೇಲೆ. ಬೆನ್ ಯಿಜುವಿನ ಕಾಲದ ಏಡನ್ ಇರುವುದು ಆ ಸಮುದ್ರದ ಇಕ್ಕಟ್ಟಿನ ಬಾಯಿಯ ಹತ್ತಿರವೇ. ನಮ್ಮ ಕರಾವಳಿಯಲ್ಲೂ 2022ರ ಜೂನಿನಲ್ಲಿ ಉಳ್ಳಾಲದ ಬಟ್ಟಪಾಡಿಯ ಎದುರು ಪ್ರಿನ್ಸೆಸ್ ಮಿರಾಲ್ ಎಂಬ ಹಡಗು 8,000 ಟನ್ ಉಕ್ಕಿನ ಸುರುಳಿಗಳೊಂದಿಗೆ ಮುಳುಗಿತು. ಸಿರಿಯದ 15 ಮಂದಿ ನಾವಿಕರನ್ನು ಉಳಿಸಿ ದಡಕ್ಕೆ ತಂದರು. 2025ರ ಮೇಯಲ್ಲಿ ಕೊಚ್ಚಿಯ ಹೊರಗೆ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರುಗಳ ಸಮೇತ ತಳ ಸೇರಿತು. ಎರಡು ವಾರ ಕಳೆಯುವಷ್ಟರಲ್ಲಿ ವಾನ್ ಹೈ 503 ಕೇರಳದ ಕಡಲಲ್ಲಿ ಹೊತ್ತಿಕೊಂಡಿತು. ಅದರಲ್ಲಿದ್ದ 22 ಜನರಲ್ಲಿ 18 ಮಂದಿಯನ್ನು ನೌಕಾಪಡೆಯ ಹಡಗು ಪಣಂಬೂರಿಗೆ ತಂದಿಳಿಸಿತು, 4 ಮಂದಿ ಸಿಗಲಿಲ್ಲ. ಪೆಟ್ಟಿಗೆಯೊಳಗೆ ಏನಿದೆಯೆಂದು ಕಾಗದದಲ್ಲಿ ಬರೆದದ್ದನ್ನು ನಂಬಿ ಸಾವಿರಗಟ್ಟಲೆ ಪೆಟ್ಟಿಗೆ ಪೇರಿಸುವ ಕಸುಬು ಇದು. ಲಿಥಿಯಂ ಬ್ಯಾಟರಿಯ ಸರಕು ಹೆಚ್ಚುತ್ತಿರುವಾಗ ಬೆಂಕಿಯ ಭಯವೂ ಹೆಚ್ಚುತ್ತದೆ. ದಡದ ಮೀನುಗಾರನಿಗೆ ಆ ಹಡಗಿನಿಂದ ಲಾಭವೇನಿಲ್ಲ, ಸೋರಿದ ಎಣ್ಣೆ ಮಾತ್ರ ಅವನ ಬಲೆಗೆ.

ಇನ್ನು ಕೆಲಸದ ಮಾತು. ನಮ್ಮ ಕಡೆಯ ಹುಡುಗರು ‘ಶಿಪ್ಪಿಗೆ’ ಹೋಗುವುದು ಹಳೆಯ ರೂಢಿ. ಈಗ ಹುಡುಗಿಯರೂ ಹೋಗುತ್ತಿದ್ದಾರೆ. ಲೋಕದ ಹಡಗುಗಳಲ್ಲಿ 2021ರ ಎಣಿಕೆಯಂತೆ ಸುಮಾರು 19 ಲಕ್ಷ ನಾವಿಕರು. ಹೆಚ್ಚು ಜನರನ್ನು ಕಳಿಸುವ 5 ದೇಶಗಳಲ್ಲಿ ನಮ್ಮದೊಂದು. ಮನುಷ್ಯರಿಲ್ಲದ ಹಡಗು ಬಂದು ಈ ಕೆಲಸ ಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ನಾರ್ವೆಯ ಯಾರಾ ಬಿರ್ಕೆಲೆಂಡ್ ಎಂಬ ಬ್ಯಾಟರಿ ಹಡಗು ತನ್ನಷ್ಟಕ್ಕೆ ಓಡುವುದಕ್ಕೆಂದೇ ಕಟ್ಟಿದ್ದು. ಆದರೆ ಅದು 80 ಮೀಟರಿನ ಹಡಗು, ಒಂದೇ ದೇಶದ ಕರಾವಳಿಯಲ್ಲಿ ಸಣ್ಣ ದೂರ ಓಡುವಂಥದ್ದು. ಮಳೆಗಾಲದ ಅರಬ್ಬೀ ಸಮುದ್ರದಲ್ಲಿ, ಎಂಜಿನ್ ಕೆಟ್ಟ ಹೊತ್ತಿನಲ್ಲಿ, ಸ್ಪ್ಯಾನರು ಹಿಡಿಯುವ ಕೈ ಇನ್ನೂ ಬಹಳ ಕಾಲ ಬೇಕಾದೀತು. ಆ ಕೈಗೆ ಮೆಥನಾಲ್, ಅಮೋನಿಯ, ಹೈವೋಲ್ಟೇಜ್ ಬ್ಯಾಟರಿಯ ತರಬೇತಿ ಇದ್ದರೆ ಸಂಬಳ ಹೆಚ್ಚು.

ಹಡಗು ಹತ್ತದೆಯೂ ಹಡಗಿನ ಕೆಲಸ ಮಾಡಬಹುದು. ಮಲ್ಪೆಯಲ್ಲಿ ಮುಚ್ಚಿಹೋಗುವಂತಿದ್ದ ಟೆಬ್ಮಾ ಯಾರ್ಡನ್ನು ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡು, ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನಲ್ಲಿ ಎಬ್ಬಿಸಿದೆ. ಬಂದರಿನಲ್ಲಿ ದೊಡ್ಡ ಹಡಗನ್ನು ಎಳೆಯುವ ಟಗ್ಗುಗಳು ಅಲ್ಲಿ ತಯಾರಾದವು. ನಾರ್ವೆಯ ವಿಲ್ಸನ್ ಕಂಪನಿ ಮೊದಲು 3,800 ಟನ್ನಿನ 6 ಸರಕು ಹಡಗುಗಳಿಗೆ, ಆಮೇಲೆ 6,300 ಟನ್ನಿನ ದೊಡ್ಡವುಗಳಿಗೂ ಅಲ್ಲೇ ಆರ್ಡರ್ ಕೊಟ್ಟಿತು. ಡೀಸೆಲ್-ಎಲೆಕ್ಟ್ರಿಕ್ ಮಾದರಿಯ, ಯುರೋಪಿನ ಕರಾವಳಿಗೆಂದು ಕಟ್ಟುವ ಹಡಗುಗಳು ಅವು. ಐಟಿಐ ಮುಗಿಸಿದ ಬೆಳ್ತಂಗಡಿಯ ವೆಲ್ಡರನಿಗೆ ಇದು ಗಲ್ಫಿಗಿಂತ ಎಷ್ಟೋ ಹತ್ತಿರ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಹಡಗು ಕಟ್ಟುವ ಉದ್ಯಮಕ್ಕೆಂದು 69,725 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಅದರಲ್ಲಿ ಮಲ್ಪೆಯ ಕಡೆಗೆ ಎಷ್ಟು ಹರಿಯುತ್ತದೆ ಎಂಬುದನ್ನು ನಮ್ಮ ಜನಪ್ರತಿನಿಧಿಗಳು ನೋಡಿಕೊಳ್ಳಬೇಕು.

ಹಡಗಿಗೇ ಹೋಗುತ್ತೇನೆನ್ನುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಎಚ್ಚರಿಕೆ. 2024ರಲ್ಲಿ ಲೋಕದಾದ್ಯಂತ 300ಕ್ಕೂ ಹೆಚ್ಚು ಹಡಗುಗಳನ್ನು ಮಾಲೀಕರು ಸಂಬಳ, ಊಟ ಕೊಡದೆ ಕೈಬಿಟ್ಟರು. ಹಾಗೆ ಸಿಕ್ಕಿಬಿದ್ದ 3,000ಕ್ಕೂ ಹೆಚ್ಚು ನಾವಿಕರಲ್ಲಿ ಎಲ್ಲ ದೇಶದವರಿಗಿಂತ ಹೆಚ್ಚು ಇದ್ದವರು ಭಾರತೀಯರು. ನಿರ್ಬಂಧ ತಪ್ಪಿಸಿ ಎಣ್ಣೆ ಸಾಗಿಸುವ, ಇವತ್ತು ಒಂದು ದೇಶದ ಬಾವುಟ, ನಾಳೆ ಇನ್ನೊಂದರದ್ದು ಹಾರಿಸುವ ಮುದಿ ಟ್ಯಾಂಕರುಗಳು ಈಗ ಬಹಳ. ಅವಕ್ಕೂ ಜನ ಬೇಕು. ಏಜೆಂಟರು ಹುಡುಕುವುದು ನಮ್ಮಂಥ ಊರುಗಳಲ್ಲೇ. ಹೆಚ್ಚು ಸಂಬಳ, ಕೂಡಲೇ ಜಾಯ್ನಿಂಗ್, ಮೊದಲು ಇಷ್ಟು ಲಕ್ಷ ಕೊಡಿ ಎಂದವರ ಹತ್ತಿರ ಆರ್‌ಪಿಎಸ್‌ಎಲ್ ನಂಬರು ಕೇಳಿ. ನಾವಿಕರನ್ನು ಕೆಲಸಕ್ಕೆ ಕಳಿಸಲು ಹಡಗು ಮಹಾನಿರ್ದೇಶನಾಲಯ ಕೊಡುವ ಪರವಾನಗಿ ಅದು. ಆ ಕಚೇರಿಯ ಜಾಲತಾಣದಲ್ಲಿ ಪಟ್ಟಿಯಿದೆ, ಮೊಬೈಲಿನಲ್ಲೇ ನೋಡಬಹುದು. ಹಡಗಿನ ಹೆಸರು, ಅದಕ್ಕಿರುವ ಏಳಂಕಿಯ ಐಎಂಒ ಸಂಖ್ಯೆ, ಯಾವ ದೇಶದ ಬಾವುಟ ಎಂಬುದನ್ನು ಬರೆಸಿಕೊಳ್ಳಿ. ಹೆಸರು, ಬಾವುಟ, ಮಾಲೀಕ ಬದಲಾದರೂ ಆ ಏಳಂಕಿ ಬದಲಾಗುವುದಿಲ್ಲ. ಅದನ್ನು ಕೊಡಲು ಹಿಂದೆಮುಂದೆ ನೋಡಿದರೆ ದುಡ್ಡು ಕೊಡಬೇಡಿ, ಹುಡುಗನನ್ನೂ ಕಳಿಸಬೇಡಿ.